ಹಳೆಯ ಕಿತಾಬು ಮತ್ತು ಅದರ ಹಿಂದಿನ ಒಡೆಯರು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಅಪರೂಪದ ಪುಸ್ತಕಗಳ ಸಂಗ್ರಹ ಎಂದ ಕೂಡಲೇ ಇದು ದುಡ್ಡಿದ್ದವರ ಹವ್ಯಾಸ, ಲಂಡನ್ನಿನ ಹರಾಜು ಕಟ್ಟೆಯ ಮಾತು, ನಮಗೂ ಇದಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಆದರೆ ನಿಮ್ಮ ಮನೆಯ ಅಟ್ಟದ ಮೇಲೆ, ದಾದಾ ಅವರ ಕಬ್ಬಿಣದ ಟ್ರಂಕಿನಲ್ಲಿ, ಗೋಡೆಯ ಗೂಡಿನಲ್ಲಿ ಬಟ್ಟೆ ಸುತ್ತಿಟ್ಟ ಒಂದೆರಡು ಕಿತಾಬುಗಳು ಇಂದಿಗೂ ಇರಬಹುದು. ಓದಲು ಬಾರದೆ ಇಟ್ಟಿರುತ್ತೇವೆ, ಅಥವಾ ಓದಲು ಬಾರದೆ ಕೊಟ್ಟುಬಿಡುತ್ತೇವೆ. ನನ್ನ ಮಾತೆಲ್ಲ ಆ ಎರಡನೆಯದರ ಬಗ್ಗೆ.

ಪುಸ್ತಕ ಅಪರೂಪದ್ದೇ ಎಂದು ತಿಳಿಯಲು ನಾವು ಸಾಮಾನ್ಯವಾಗಿ ನೋಡುವುದು ಅದರ ಹೆಸರು, ಬರೆದವರು, ಎಷ್ಟು ಹಳೆಯದು, ಚಿನ್ನದ ಬಣ್ಣ ಇದೆಯೇ ಇಲ್ಲವೇ ಎಂಬುದನ್ನು. ಇವೆಲ್ಲ ನೋಡಬೇಕಾದ ಸಂಗತಿಗಳೇ. ಆದರೆ ತಿಳಿದವರು ಪುಸ್ತಕ ಕೈಗೆ ಬಂದಾಗ ಮೊದಲು ತಿರುಗಿಸುವುದು ಮೊದಲ ಮತ್ತು ಕೊನೆಯ ಹಾಳೆಗಳನ್ನು. ಪುಸ್ತಕ ಯಾರ ಯಾರ ಕೈ ದಾಟಿ ಬಂದಿದೆ ಎಂಬುದು ಅಲ್ಲಿ ಇರುತ್ತದೆ. ಒಬ್ಬರ ಮೊಹರು, ಇನ್ನೊಬ್ಬರ ಸಹಿ, ಕೊಂಡ ಬೆಲೆ, ಮದರಸಾದ ಮುದ್ರೆ, ಮನೆಯಲ್ಲಿ ಮಗು ಹುಟ್ಟಿದ ತಾರೀಕು, ಯಾರೋ ಸಾಲ ಕೊಟ್ಟ ಲೆಕ್ಕ. ಪುಸ್ತಕದ ಒಳಗಿನ ಮಾತು ಬೇರೆ ನೂರು ಪ್ರತಿಗಳಲ್ಲಿ ಸಿಗಬಹುದು. ಈ ಎರಡು ಹಾಳೆಗಳ ಮಾತು ಆ ಒಂದು ಪ್ರತಿಯಲ್ಲಿ ಮಾತ್ರ ಇರುತ್ತದೆ.

ನಮ್ಮ ನೆಲದ್ದೇ ಉದಾಹರಣೆಯಿಂದ ಆರಂಭಿಸುತ್ತೇನೆ. ಶಹಾಪುರ ತಾಲ್ಲೂಕಿನ ಗೋಗಿಯನ್ನು ನೀವೆಲ್ಲ ನೋಡಿದ್ದೀರಿ. ಹಜರತ್ ಚಂದಾ ಹುಸೇನಿಯವರ ದರ್ಗಾದ ಬಳಿ ಬಿಜಾಪುರದ ಆದಿಲಶಾಹಿ ಮನೆತನದ ಮೊದಲ ದೊರೆಗಳಾದ ಯೂಸುಫ್, ಇಸ್ಮಾಯಿಲ್ ಮತ್ತು ಒಂದನೇ ಇಬ್ರಾಹಿಮರ ಸಮಾಧಿಗಳಿವೆ. ಅಂದರೆ ಬಿಜಾಪುರದ ಸುಲ್ತಾನರ ಕತೆ ನಮಗೆ ದೂರದ ಕತೆಯಲ್ಲ. ಈ ಮನೆತನದವರು ಪುಸ್ತಕಪ್ರಿಯರು. ಎರಡನೇ ಇಬ್ರಾಹಿಂ ಆದಿಲಶಾಹರಂತೂ ಸ್ವತಃ ದಖನಿಯಲ್ಲಿ ಕಿತಾಬೆ ನೌರಸ್ ಬರೆದವರು. 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಬಿಜಾಪುರ ಬಿದ್ದ ಮೇಲೆ ಅರಮನೆಯ ಕುತುಬ್‌ಖಾನೆ ಚದುರಿತು. ಉಳಿದದ್ದರಲ್ಲಿ ಒಂದು ಭಾಗ ಆಸಾರ್ ಮಹಲಿನಲ್ಲಿ ಬಹುಕಾಲ ಇತ್ತು. ಹೆಚ್ಚಿನವು ಅರಬ್ಬಿ ಗ್ರಂಥಗಳು. 1853ರಲ್ಲಿ ಅವುಗಳನ್ನು ಲಂಡನ್ನಿಗೆ ಸಾಗಿಸಲಾಯಿತು. ಮುಂದೆ 1877ರಲ್ಲಿ ಆಟ್ಟೋ ಲೋತ್ ಎಂಬ ಜರ್ಮನ್ ವಿದ್ವಾಂಸರು ಇಂಡಿಯಾ ಆಫೀಸಿನ ಅರಬ್ಬಿ ಹಸ್ತಪ್ರತಿಗಳ ಪಟ್ಟಿ ಪ್ರಕಟಿಸಿದಾಗ ಇವುಗಳ ವಿವರವೂ ಅದರಲ್ಲಿ ಸೇರಿತು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ.

ಆ ಗ್ರಂಥಗಳಲ್ಲಿ ಬಹಳಷ್ಟು ವ್ಯಾಕರಣ, ಫಿಕ್ಹ್, ತರ್ಕದಂಥ ಪಾಠದ ಪುಸ್ತಕಗಳು. ಅವುಗಳ ಬೇರೆ ಪ್ರತಿಗಳು ಕೈರೋದಲ್ಲೂ ಇಸ್ತಾಂಬುಲಿನಲ್ಲೂ ಸಿಗುತ್ತವೆ. ಹಾಗಿದ್ದರೂ ವಿದ್ವಾಂಸರು ಈ ಪ್ರತಿಗಳನ್ನೇ ಹುಡುಕಿಕೊಂಡು ಹೋಗುವುದು ಏಕೆ? ಅವುಗಳ ಮೇಲಿರುವ ಮೊಹರು ಮತ್ತು ಷರಾಗಳಿಗಾಗಿ. ಯಾವ ಗ್ರಂಥ ಅರಮನೆಯ ಸಂಗ್ರಹಕ್ಕೆ ಯಾವಾಗ ಬಂತು, ಯಾರಿಂದ ಬಂತು, ಯಾರು ತಪಾಸಣೆ ಮಾಡಿದರು ಎಂಬ ಸಣ್ಣ ಸಣ್ಣ ಬರಹಗಳನ್ನು ಜೋಡಿಸಿ ಬಿಜಾಪುರದಲ್ಲಿ ಏನು ಓದುತ್ತಿದ್ದರು, ಏನು ಕಲಿಸುತ್ತಿದ್ದರು ಎಂಬುದನ್ನು ಅವರು ಬರೆಯುತ್ತಿದ್ದಾರೆ. ಹೊಸದಾಗಿ ರಟ್ಟು ಕಟ್ಟಿಸುವಾಗ ಯಾರೋ ಆ ಮೊದಲ ಹಾಳೆಯನ್ನು ಕಿತ್ತು ಬಿಸಾಕಿದ್ದರೆ, ಅದೇ ಪುಸ್ತಕ ಎಲ್ಲಿಯದೋ ಒಂದು ಹಳೆಯ ವ್ಯಾಕರಣವಾಗಿ ಉಳಿಯುತ್ತಿತ್ತು.

ಟಿಪ್ಪು ಸುಲ್ತಾನರ ಗ್ರಂಥಾಲಯದ ಕತೆ ಇದಕ್ಕಿಂತ ತೊಡಕಿನದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸುಮಾರು 2000 ಸಂಪುಟಗಳ ಸಂಗ್ರಹ ಇಂಗ್ಲಿಷರ ಕೈಗೆ ಸಿಕ್ಕಿತು. ಬಹುಪಾಲು ಕಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜಿಗೆ ಹೋಗಿ ಅಲ್ಲಿಂದ ಮುಂದೆ ಲಂಡನ್ನಿಗೆ ಹೋಯಿತು. ಕೆಲವು ಏಷ್ಯಾಟಿಕ್ ಸೊಸೈಟಿಯಲ್ಲಿ, ಕೆಲವು ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಉಳಿದವು. 1809ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಇದರ ಪಟ್ಟಿ ಅಚ್ಚು ಹಾಕಿಸಿದರು. ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ರಟ್ಟುಗಳನ್ನು ನೋಡಿದರೆ ತಕ್ಷಣ ಗುರುತು ಸಿಗುತ್ತದೆ. ನಡುವೆ ಅಲ್ಲಾಹ್, ಪ್ರವಾದಿಯವರು, ಫಾತಿಮಾ, ಹಸನ್, ಹುಸೇನರ ಹೆಸರುಗಳು, ನಾಲ್ಕು ಮೂಲೆಗೆ ನಾಲ್ವರು ಖಲೀಫರ ಹೆಸರು, ಮೇಲೆ ಸರ್ಕಾರೆ ಖುದಾದಾದ್ ಎಂಬ ಅಚ್ಚು. ಇಷ್ಟಿದ್ದರೆ ಅದು ಟಿಪ್ಪುವಿನ ಪ್ರತಿ.

ಆದರೆ ರಟ್ಟು ತೆರೆದು ಒಳಗೆ ನೋಡಿದರೆ ಬೇರೆಯವರ ಮೊಹರುಗಳು ಕಾಣುತ್ತವೆ. ಸ್ಟುವರ್ಟ್ ಬರೆದಿರುವ ಪ್ರಕಾರ ಹೈದರ್ ಮತ್ತು ಟಿಪ್ಪು ಕೊಂಡ ಪುಸ್ತಕಗಳು ಬಹಳ ಕಡಿಮೆ. ಹೆಚ್ಚಿನವು ಸವಣೂರು, ಕಡಪ, ಆರ್ಕಾಟಿನ ಕಡೆಯಿಂದ ಯುದ್ಧದಲ್ಲಿ ಬಂದವು. ಕೆಲವು ಬಿಜಾಪುರ ಮತ್ತು ಗೋಲ್ಕೊಂಡದ ಸುಲ್ತಾನರವು. ಕರ್ನಾಟಿಕ್ ನವಾಬ ಮಹಮದಲಿಯ ತಮ್ಮ ಅಬ್ದುಲ್ ವಹಾಬ್ ಖಾನರ ಗ್ರಂಥಗಳು 1780ರಲ್ಲಿ ಚಿತ್ತೂರಿನ ಕೋಟೆಯಲ್ಲಿ ಹೈದರನ ಕೈಗೆ ಬಂದವು. ಇದನ್ನು ಹೇಳಲು ನಮಗೆ ಸಂಕೋಚ ಬೇಡ. ಇಂಗ್ಲಿಷರು ಲೂಟಿ ಮಾಡಿದರು ಎನ್ನುವುದು ನಿಜ, ಅದಕ್ಕೆ ಮೊದಲೂ ಪುಸ್ತಕಗಳು ಲೂಟಿಯಾಗಿದ್ದವು ಎನ್ನುವುದೂ ನಿಜ. ಸ್ಟುವರ್ಟ್ ಹೇಳಿದ್ದನ್ನು ನಂಬಬೇಕಾಗಿಯೂ ಇಲ್ಲ. ಗೆದ್ದವರ ಕಡೆಯ ಮನುಷ್ಯ, ಸೋತವನ ಬಗ್ಗೆ ಏನನ್ನಾದರೂ ಬರೆಯಬಹುದು. ಅದಕ್ಕೇ ಆ ಪುಸ್ತಕಗಳ ಮೊಹರುಗಳು ಬೇಕು. ಒಂದೊಂದನ್ನೂ ಓದಿ ಅವನ ಮಾತನ್ನು ಸರಿಯೋ ತಪ್ಪೋ ಎಂದು ತೂಗಬಹುದು.

ಒಡೆಯರ ಕೈಬರಹದಿಂದಲೇ ಪ್ರಸಿದ್ಧವಾದ ಪುಸ್ತಕಗಳೂ ಉಂಟು. ಪಾಟ್ನಾದ ಖುದಾ ಬಖ್ಷ್ ಗ್ರಂಥಾಲಯ 1891ರಲ್ಲಿ ಸಾರ್ವಜನಿಕರಿಗೆ ತೆರೆದದ್ದು. ಅಲ್ಲಿ ದೀವಾನೆ ಹಾಫಿಜ್‌ನ ಒಂದು ಪ್ರತಿ ಇದೆ. ಮೊಗಲ್ ಬಾದಶಹರಾದ ಹುಮಾಯೂನ್ ಮತ್ತು ಜಹಾಂಗೀರ್ ಅದನ್ನು ತೆರೆದು ಫಾಲ್ ನೋಡಿ, ಅಂದರೆ ಶಕುನ ಕೇಳಿ, ಯಾವ ಸಂದರ್ಭದಲ್ಲಿ ಯಾವ ಪದ್ಯ ಬಂತು, ಅದು ಹೇಗೆ ನಿಜವಾಯಿತು ಎಂದು ಅಂಚಿನಲ್ಲಿ ತಮ್ಮ ಕೈಯಾರೆ ಬರೆದಿದ್ದಾರೆ. ಹಾಫಿಜರ ಕವಿತೆ ಎಲ್ಲ ಕಡೆ ಸಿಗುತ್ತದೆ. ಬಾದಶಹನೊಬ್ಬ ಗಾಬರಿಯಲ್ಲಿ ಪುಸ್ತಕ ತೆರೆದ ಗಳಿಗೆ ಎಲ್ಲ ಕಡೆ ಸಿಗುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಮೈಸೂರಿನಲ್ಲೇ ಇದೆ. ಶತಮಾನಗಳ ಕಾಲ ಕಳೆದುಹೋಗಿದೆ ಎಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂತು. ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಪ್ರಪಂಚವೇ ಬೆರಗಾಯಿತು. ಆದರೆ ಅದನ್ನು ತಂದುಕೊಟ್ಟವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಎಂಬಷ್ಟೇ ನಮಗೆ ಉಳಿದಿರುವ ಮಾತು. ಅವರ ಹೆಸರು ಉಳಿದಿಲ್ಲ. ಯಾವ ಮನೆಯಲ್ಲಿ ಆ ಗರಿಗಳಿದ್ದವು, ಅದೇ ಮನೆಯಲ್ಲಿ ಬೇರೆ ಏನಿತ್ತು ಎಂದು ಕೇಳಲು ಈಗ ದಾರಿಯಿಲ್ಲ. ಅಷ್ಟು ದೊಡ್ಡ ಗ್ರಂಥಕ್ಕೇ ಹೀಗಾದರೆ ನಮ್ಮ ಟ್ರಂಕುಗಳ ಗತಿ ಏನು ಎಂದು ಯೋಚಿಸಿ.

ಈಗ ನಮ್ಮ ಊರುಗಳಿಗೆ ಬರೋಣ. ಸುರಪುರ ನಾಯಕರ ಸಂಸ್ಥಾನ. 1841ರಿಂದ 1853ರವರೆಗೆ ಅಲ್ಲಿ ಅಧಿಕಾರ ನಡೆಸಿದ ಮೆಡೋಸ್ ಟೇಲರ್ ಸ್ವತಃ ಬರಹಗಾರ. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಗುಡ್ಡದ ಮೇಲಿದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ, ಅವರ ಸಾವು, 1860ರಲ್ಲಿ ಸಂಸ್ಥಾನ ನಿಜಾಮರ ಪಾಲಾದದ್ದು ನಿಮಗೆ ಗೊತ್ತು. ಒಂದು ಸಂಸ್ಥಾನ ಮುಳುಗಿದಾಗ ಅದರ ಕಾಗದ ಪತ್ರ, ಪುಸ್ತಕ, ಚಿತ್ರಗಳು ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಕೆಲವು ದಫ್ತರಕ್ಕೆ, ಕೆಲವು ಊಳಿಗದವರ ಮನೆಗೆ, ಕೆಲವು ಸಂತೆಗೆ. ಸುರಪುರ ಶೈಲಿಯ ಚಿತ್ರಗಳ ವಿಷಯವೂ ಹಾಗೆಯೇ. ಯಾವ ಮನೆಯಿಂದ ಬಂತು ಎಂಬ ಮಾತು ಅಳಿಸಿಹೋದರೆ ಅಂಗಡಿಯವನು ಅದನ್ನು ತಂಜಾವೂರಿನದು ಎಂದು ಮಾರಿದರೂ ಅಲ್ಲ ಎನ್ನುವವರು ಯಾರು?

ಸಗರದಲ್ಲಿ ಸೂಫಿ ಸರ್‌ಮಸ್ತ್ ಅವರ ದರ್ಗಾ ಇದೆ. ಇಂಥ ಪುರಾತನ ಜಾಗಗಳ ಸುತ್ತ ಓದು ಬರಹದ ಮನೆಗಳು ಬೆಳೆಯುತ್ತವೆ. ಅದರ ಮೇಲೆ ನಿಜಾಮರ ಕಾಲದಲ್ಲಿ ಶಾಲೆ, ಕಚೇರಿ ಎಲ್ಲ ಉರ್ದುವಿನಲ್ಲೇ ನಡೆಯಿತು. ಆದ್ದರಿಂದ ನಮ್ಮ ಭಾಗದಲ್ಲಿ ಉರ್ದು, ಫಾರಸಿ ಪುಸ್ತಕ ಮುಸಲ್ಮಾನರ ಮನೆಯಲ್ಲಿ ಮಾತ್ರ ಇತ್ತು ಎಂದು ತಿಳಿಯಬಾರದು. ಕುಲಕರ್ಣಿ, ದೇಶಪಾಂಡೆ, ಪಾಟೀಲರ ವಾಡೆಗಳಲ್ಲೂ ಇತ್ತು. ಲಖನೌದ ನವಲ್ ಕಿಶೋರ್ ಪ್ರೆಸ್ಸಿನ ಕಲ್ಲಚ್ಚಿನ ಗುಲಿಸ್ತಾನ್ ಒಂದರ ಮೊದಲ ಹಾಳೆಯಲ್ಲಿ ಕನ್ನಡದಲ್ಲೋ ಮೋಡಿಯಲ್ಲೋ ಒಬ್ಬ ಶ್ಯಾನುಭೋಗರ ಹೆಸರು ಬರೆದಿದೆ ಎಂದುಕೊಳ್ಳಿ. ಆ ಪುಸ್ತಕಕ್ಕೆ ಸಂತೆಯಲ್ಲಿ ನೂರು ರೂಪಾಯಿ ಬರುವುದೂ ಕಷ್ಟ, ಏಕೆಂದರೆ ನವಲ್ ಕಿಶೋರ್ ಪ್ರತಿಗಳು ಸಾಕಷ್ಟಿವೆ. ಆದರೆ ಈ ಸೀಮೆಯ ಇತಿಹಾಸ ಬರೆಯುವವನಿಗೆ ಆ ಒಂದು ಸಾಲಿನ ಬೆಲೆ ಕಟ್ಟಲು ಆಗುವುದಿಲ್ಲ. ಯಾರು ಯಾರ ಭಾಷೆ ಓದುತ್ತಿದ್ದರು ಎಂಬ ಇಂದಿನ ಜಗಳಕ್ಕೆ ಅದು ನಾಲ್ಕು ಭಾಷಣಕ್ಕಿಂತ ಗಟ್ಟಿ ಉತ್ತರ.

ಇಂಥ ಹಾಳೆಗಳಲ್ಲಿ ತಾರೀಕು ಓದುವಾಗ ಎಚ್ಚರ ಬೇಕು. ನಮ್ಮಲ್ಲಿ ಎರಡು ಲೆಕ್ಕ ಓಡುತ್ತಿದ್ದವು, ಹಿಜರಿ ಮತ್ತು ನಿಜಾಮ್ ಸರ್ಕಾರದ ಫಸಲಿ. 1340 ಎಂದು ಬರೆದಿದ್ದರೆ ಹಿಜರಿಯಾದರೆ ಅದು 1921-22, ಫಸಲಿಯಾದರೆ 1930-31. ಒಂಬತ್ತು ವರ್ಷದ ವ್ಯತ್ಯಾಸ. ಹೈದರಾಬಾದ್ ಫಸಲಿಗೆ 590 ಅಥವಾ 591 ಸೇರಿಸಿದರೆ ಇಸವಿ ಸಿಗುತ್ತದೆ. ತಿಂಗಳ ಹೆಸರು ನೋಡಿ. ರಜಬ್, ಶಾಬಾನ್ ಎಂದಿದ್ದರೆ ಹಿಜರಿ. ಆಜುರ್, ದೈ, ಬಹಮನ್, ಖುರ್ದಾದ್ ಎಂದಿದ್ದರೆ ಫಸಲಿ. ಬೆಲೆ ಬರೆದಿದ್ದರೆ ಹಾಲಿ ಸಿಕ್ಕಾವೋ ಕಲ್ದಾರೋ ನೋಡಿ. ನಿಜಾಮರ ರೂಪಾಯಿ ಬೇರೆ, ಇಂಗ್ಲಿಷರ ರೂಪಾಯಿ ಬೇರೆ. ನೂರು ಕಲ್ದಾರಿಗೆ ಸುಮಾರು 116 ಹಾಲಿ ಆಗುತ್ತಿತ್ತು. ಕಲ್ದಾರಿನಲ್ಲಿ ಬೆಲೆ ಇದ್ದರೆ ಪುಸ್ತಕ ಸೊಲ್ಲಾಪುರದಿಂದಲೋ ಮುಂಬೈಯಿಂದಲೋ ಬಂದಿರಬಹುದು ಎಂದು ಹುಡುಕಲು ಒಂದು ದಾರಿ ಸಿಕ್ಕಂತಾಯಿತು.

ಮೊಹರಿನಲ್ಲಿರುವ ಇಸವಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಅದು ಮೊಹರು ಕೆತ್ತಿಸಿದ ವರ್ಷ. ಒಬ್ಬರು ಅದೇ ಮೊಹರನ್ನು ಮೂವತ್ತು ವರ್ಷ ಒತ್ತಿರಬಹುದು. ಹಾಗೆಯೇ ನಕಲಿ ಮೊಹರುಗಳೂ ಇವೆ. ಬಾದಶಹನ ಹೆಸರಿದ್ದರೆ ಬೆಲೆ ಏರುತ್ತದೆ ಎಂದು ಯಾರೋ ಹೊಸದಾಗಿ ಒತ್ತಿರುತ್ತಾರೆ. ಹುಳು ತಿಂದ ತೂತಿನ ಅಂಚಿಗೆ ಮೊಹರಿನ ಶಾಯಿ ಇಳಿದಿದ್ದರೆ, ತೂತು ಮೊದಲು, ಮೊಹರು ಆಮೇಲೆ ಎಂದು ಅರ್ಥ. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ, ಒಂದು ಭೂತಗನ್ನಡಿ ಸಾಕು.

ಇದಕ್ಕಿಂತ ಕೆಟ್ಟ ವ್ಯಾಪಾರ ಇನ್ನೊಂದಿದೆ. ಹಳೆಯ ಹಸ್ತಪ್ರತಿಯನ್ನು ಬಿಚ್ಚಿ ಒಂದೊಂದು ಹಾಳೆಯ ಮೇಲೆ ಹೊಸದಾಗಿ ಆನೆ, ಕುದುರೆ, ರಾಜ, ರಾಣಿಯರ ಚಿತ್ರ ಬರೆಸಿ ಪ್ರವಾಸಿಗರಿಗೆ ಮಾರುತ್ತಾರೆ. ಕಾಗದ ಹಳೆಯದು, ಅಕ್ಷರ ಹಳೆಯದು, ಆದ್ದರಿಂದ ಚಿತ್ರವೂ ಹಳೆಯದು ಎಂದು ಕೊಳ್ಳುವವರು ನಂಬುತ್ತಾರೆ. ಚಿತ್ರದ ಕೆಳಗೆ ಇರುವುದು ಯಾರದೋ ತಾತ ಬರೆದಿಟ್ಟ ವೈದ್ಯದ ಪುಸ್ತಕವೋ ಹಿಸಾಬಿನ ಪುಸ್ತಕವೋ ಆಗಿರಬಹುದು. ನಮ್ಮ ಊರುಗಳಿಗೆ ಮೋಟರ್ ಸೈಕಲ್ ಮೇಲೆ ಬಂದು ಹಳೆಯ ಕಿತಾಬು ಕೊಡಿ ಎಂದು ಕೇಳುವವರಿಗೆ ಪುಸ್ತಕ ಕೊಡುವ ಮೊದಲು ಇದನ್ನು ನೆನಪಿಡಿ. ಅವರಿಗೆ ಮೊದಲ ಹಾಳೆ ಬೇಡ. ಅದರ ಮೇಲೆ ನಿಮ್ಮ ಮನೆತನದ ಹೆಸರಿದ್ದರಂತೂ ಖಂಡಿತ ಬೇಡ. ಅದನ್ನೇ ಮೊದಲು ಹರಿಯುತ್ತಾರೆ.

ಹಿಂದಿನ ಒಡೆಯರು ಯಾರೆಂದು ಕೇಳುವುದಕ್ಕೆ ಇನ್ನೊಂದು ಕಾರಣ ಹಕ್ಕಿನದು. ಪುಸ್ತಕದ ಮೇಲೆ ವಕ್ಫ್ ಎಂದು ಬರೆದಿದ್ದರೆ, ಒಂದು ಮಸೀದಿಗೋ ಮದರಸಾಕ್ಕೋ ದರ್ಗಾಕ್ಕೋ ಬಿಟ್ಟುಕೊಟ್ಟದ್ದು ಎಂದಿದ್ದರೆ, ಅದು ಮಾರುವ ವಸ್ತುವೇ ಅಲ್ಲ. ಎಷ್ಟು ಕೈ ಬದಲಾಗಿದ್ದರೂ ಅಲ್ಲ. ಸರ್ಕಾರಿ ಶಾಲೆಯ, ಸಾರ್ವಜನಿಕ ವಾಚನಾಲಯದ ಮುದ್ರೆ ಇದ್ದರೆ, ಅದನ್ನು ಲೆಕ್ಕದಿಂದ ತೆಗೆದ ಷರಾ ಇದೆಯೇ ಎಂದು ನೋಡಬೇಕು. ಮುದ್ರೆ ಇದ್ದ ಜಾಗವನ್ನು ಚೌಕಾಕಾರವಾಗಿ ಕತ್ತರಿಸಿದ್ದರೆ ಏನೂ ಕೇಳದೆ ಪುಸ್ತಕ ಕೆಳಗಿಡಿ. ಸಂಗ್ರಹಕಾರನಿಗೆ ಆಸೆ ಇರುತ್ತದೆ, ಅದು ಸಹಜ. ಆದರೆ ಕದ್ದ ಪುಸ್ತಕ ಕಪಾಟಿನಲ್ಲಿದ್ದರೆ ಅದನ್ನು ಯಾರಿಗೂ ತೋರಿಸುವ ಹಾಗಿಲ್ಲ. ತೋರಿಸಲಾಗದ ಪುಸ್ತಕ ಇಟ್ಟುಕೊಂಡು ಏನು ಮಾಡುತ್ತೀರಿ?

ಕಾನೂನೂ ಇದೆ. 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ 75 ವರ್ಷ ದಾಟಿದ, ಚಾರಿತ್ರಿಕ ಅಥವಾ ಸಾಹಿತ್ಯಿಕ ಮಹತ್ವದ ಹಸ್ತಪ್ರತಿ ಪ್ರಾಚೀನ ವಸ್ತುವೇ. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಪ್ರಾಚೀನ ವಸ್ತುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ದುಬೈಯಲ್ಲಿ ಒಳ್ಳೆ ಬೆಲೆ ಇದೆಯಂತೆ ಎಂದು ಯಾರಾದರೂ ಆಸೆ ತೋರಿಸಿದರೆ ಇದನ್ನು ಹೇಳಿ.

ಒಂದು ಸೂಕ್ಷ್ಮ ವಿಷಯವನ್ನು ಹೇಳಬೇಕಾಗಿದೆ. ಹರಿದು ಜೀರ್ಣವಾದ ಕುರ್‌ಆನ್ ಪ್ರತಿ ಶಹೀದ್ ಆಯಿತು ಎನ್ನುತ್ತೇವೆ. ಅದನ್ನು ಕಾಲಡಿ ಬೀಳದಂತೆ ಭಕ್ತಿಯಿಂದ ಹೂಳುತ್ತೇವೆ, ಇಲ್ಲವೇ ಬಾವಿಗೆ, ಕೃಷ್ಣೆಗೆ, ಭೀಮೆಗೆ ಬಿಟ್ಟು ಠಂಡಾ ಮಾಡುತ್ತೇವೆ. ಇದು ಅದಬಿನ ವಿಷಯ, ಇದರಲ್ಲಿ ನನ್ನ ತಕರಾರಿಲ್ಲ. ಆದರೆ ಮನೆ ಖಾಲಿ ಮಾಡುವ ಅವಸರದಲ್ಲಿ ಅರಬ್ಬಿ ಲಿಪಿ ಕಂಡದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬುತ್ತೇವೆ. ಅದರಲ್ಲಿ ಉರ್ದು ಕಾದಂಬರಿ ಇರಬಹುದು, ಯುನಾನಿ ನುಸ್ಖೆಗಳಿರಬಹುದು, ಜಮೀನಿನ ಕಾಗದ ಇರಬಹುದು, ವಂಶಾವಳಿ ಬರೆದ ಹಾಳೆ ಇರಬಹುದು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಮನೆ ಬಿಟ್ಟು ಹೋದವರ ಸಾಮಾನು ಎಷ್ಟು ಹಾಳಾಯಿತೋ ಲೆಕ್ಕವಿಲ್ಲ. ಆಗ ಉಳಿದದ್ದನ್ನು ಈಗ ನಾವೇ ನಮ್ಮ ಕೈಯಿಂದ ನೀರಿಗೆ ಬಿಡುತ್ತಿದ್ದೇವೆ. ಚೀಲ ಕಟ್ಟುವ ಮೊದಲು ಉರ್ದು ಬಲ್ಲ ಒಬ್ಬ ಹಿರಿಯರನ್ನೋ ಮೌಲಾನಾ ಅವರನ್ನೋ ಕರೆದು ಅರ್ಧ ಗಂಟೆ ಕೂರಿಸಿ. ಪ್ರತಿ ಪುಸ್ತಕದ ಮೊದಲ, ಕೊನೆಯ ಹಾಳೆ ಓದಲಿ. ಠಂಡಾ ಮಾಡಲೇಬೇಕಾದ ಕುರ್‌ಆನ್ ಪ್ರತಿಯ ಮೇಲೂ ಮನೆಯವರ ಹುಟ್ಟು ಸಾವಿನ ತಾರೀಕುಗಳಿದ್ದರೆ ಆ ಹಾಳೆಯ ಫೋಟೊ ಆದರೂ ತೆಗೆದಿಡಿ. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ.

ಹಸ್ತಪ್ರತಿಗಳಿಗಾಗಿ 2003ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಿಷನ್ ಆರಂಭಿಸಿತ್ತು. 2025ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಎಂಬ ಹೊಸ ಯೋಜನೆ ಘೋಷಣೆಯಾಗಿ, ಖಾಸಗಿ ಮನೆಗಳಲ್ಲಿರುವುದನ್ನೂ ಸೇರಿಸಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಮಾಡುವ ಮಾತು ಬಂದಿದೆ. ಒಳ್ಳೆಯದೇ. ಆದರೆ ಸಮೀಕ್ಷೆಯವರು ಪುಸ್ತಕದ ಹೆಸರು, ಅಳತೆ, ಹಾಳೆಗಳ ಸಂಖ್ಯೆ ಬರೆದುಕೊಳ್ಳಬಹುದು. ಈ ಪುಸ್ತಕ ನಮ್ಮ ನಾನಿಯ ತವರಿನಿಂದ ಮದುವೆಯ ಸಾಮಾನಿನ ಜೊತೆ ಬಂತು ಎಂಬ ಮಾತನ್ನು ನೀವೇ ಹೇಳಬೇಕು. ಅದನ್ನು ಹೇಳಬಲ್ಲವರು ಮನೆಯಲ್ಲಿ ಈಗ ಒಬ್ಬರೋ ಇಬ್ಬರೋ ಉಳಿದಿದ್ದಾರೆ, ಅವರಿಗೂ ಎಂಬತ್ತು ದಾಟಿದೆ.

ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ. ರಜೆಯಲ್ಲಿ ಮನೆಯ ಹಿರಿಯರ ಪಕ್ಕ ಕೂತು ಒಂದು ನೋಟ್‌ಬುಕ್ ತೆರೆಯಿರಿ. ಪುಸ್ತಕ ಯಾವುದು, ಯಾರದಾಗಿತ್ತು, ಅವರು ಯಾವ ಊರಿನವರು, ನಮ್ಮ ಮನೆಗೆ ಹೇಗೆ ಬಂತು, ಇದನ್ನು ಹೇಳಿದವರು ಯಾರು, ಯಾವ ತಾರೀಕಿಗೆ ಹೇಳಿದರು, ಬರೆಯಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ, ಚೆಂದಕ್ಕೆಂದು ಬಾದಶಹನ ವಂಶಕ್ಕೆ ಜೋಡಿಸಬೇಡಿ. ಪುಸ್ತಕದ ಮೇಲೆ ಏನಾದರೂ ಬರೆಯಲೇಬೇಕಾದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆಯಿರಿ, ಬಾಲ್‌ಪೆನ್ ಬೇಡ. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಬೇಡಿ, ಕೆಲವೇ ವರ್ಷಗಳಲ್ಲಿ ಅದು ಕಂದಾಗಿ ಅಕ್ಷರವನ್ನೂ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಹೊಸ ರಟ್ಟು ಕಟ್ಟಿಸುವುದಾದರೆ ಕಟ್ಟುವವರ ಎದುರೇ ನಿಂತು, ಹಳೆಯ ಖಾಲಿ ಹಾಳೆಗಳನ್ನೂ ಒಳಗೇ ಹೊಲಿಯಲು ಹೇಳಿ. ಅಂಚು ಸಮ ಮಾಡಲು ಕತ್ತರಿಸುವಾಗ ಬದಿಯ ಬರಹ ಹೋಗುತ್ತದೆ, ಕತ್ತರಿಸಲು ಬಿಡಬೇಡಿ.

ಸಭೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ. ಕೆಲವರು ಪುಸ್ತಕ ತಂದಿದ್ದೀರಿ ಎಂದು ಕೇಳಿದೆ, ಕೂತು ನೋಡೋಣ. ಮುಂದಿನ ಸಲ ತರುವವರು ಸುತ್ತಿದ ಹಳೆಯ ಜುಜ್ದಾನನ್ನು ಮನೆಯಲ್ಲಿ ಬಿಟ್ಟು ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬರಬೇಡಿ. ಆ ಬಟ್ಟೆಯನ್ನೂ ತನ್ನಿ. ಒಳಮಗ್ಗುಲಿಗೆ ದಾರದಲ್ಲಿ ಹೆಸರು ಹೊಲಿದಿರುವುದುಂಟು.